ಕಿವಿಯಲ್ಲಿ ಸಿಸಿಲಿ, ಕಿಟಕಿಯಲ್ಲಿ ಪಾಂಡವಪುರ

ಅಮೆರಿಕದ ನಟಿ ಸಿಸಿಲಿ ಟೈಸನ್ ಅವರ ಆತ್ಮಕಥೆ ‘ಜಸ್ಟ್ ಆಸ್ ಐ ಆ್ಯಮ್’ ಪುಸ್ತಕವನ್ನು ನಾನು ಓದಲಿಲ್ಲ, ಕೇಳಿದೆ. ಆಡಿಯೋ ಪುಸ್ತಕ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ಒಂದಷ್ಟು, ವಾಪಸ್ ಬರುವಾಗ ಒಂದಷ್ಟು. ಹೆಚ್ಚುಕಮ್ಮಿ ಮೂರು ವಾರ ಹಿಡಿಯಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಯಾಕೆ ಕಿತ್ತುಕೊಂಡೆ ಅಂತ ಮುಂದೆ ಹೇಳುತ್ತೇನೆ.

ನಾನು ಯಾರು ಅಂತ ಹೇಳದಿದ್ದರೆ ಈ ವಿಮರ್ಶೆಗೆ ತಲೆಬುಡ ಇರುವುದಿಲ್ಲ. ಮೈಸೂರಿನಲ್ಲಿ ಒಬ್ಬ ಆಡಿಟರ ಹತ್ತಿರ ಟೈಪಿಸ್ಟ್ ನಾನು. ಕನ್ನಡ ಸೀನಿಯರ್, ಇಂಗ್ಲಿಷ್ ಸೀನಿಯರ್ ಎರಡೂ ಪಾಸು ಮಾಡಿ ಕೀಲಿ ಕುಟ್ಟಲು ಕೂತು 26 ವರ್ಷ ಆಯಿತು. ಇದು ಹಗಲು. ರಾತ್ರಿ ನಾನು ದ್ರೌಪದಿ.

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂದರೆ ಪೌರಾಣಿಕ ನಾಟಕ ಆಗಲೇಬೇಕು. ದುರ್ಯೋಧನ, ಭೀಮ, ಕೃಷ್ಣ ಎಲ್ಲಾ ಊರಿನ ಗಂಡಸರೇ. ಅವರು ದುಡ್ಡು ಕಟ್ಟಿ ಪಾತ್ರ ತಗೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ಕಲಿಸುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಅವರು ಕೊಟ್ಟು ಬಣ್ಣ ಹಚ್ಚುತ್ತಾರೆ, ನಾವು ಈಸಿಕೊಂಡು ಬಣ್ಣ ಹಚ್ಚುತ್ತೇವೆ. ಮರ್ಯಾದೆಯ ಲೆಕ್ಕದಲ್ಲಿ ಈ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಗ್ರೀನ್ ರೂಮಿನ ಟಾರ್ಪಾಲ್ ಹಿಂದೆ ಬಂದು ನೋಡಬೇಕು.

ಪುಸ್ತಕ ತೋರಿಸಿದ್ದು ನಮ್ಮ ಆಫೀಸಿನಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ತರಬೇತಿ, ಮಾಡುವ ಹುಡುಗಿ. ‘ಅಕ್ಕಾ, ಇವರೂ ನಿಮ್ಮ ಥರಾನೇ ಟೈಪಿಸ್ಟು, ನಿಮ್ಮ ಥರಾನೇ ನಾಟಕದವರು’ ಅಂದಳು. ನನ್ನ ಫೋನಿಗೆ ಆ್ಯಪ್ ಹಾಕಿ, ಮೊದಲ ತಿಂಗಳು ಒಂದು ಪುಸ್ತಕ ಪುಕ್ಕಟೆ ಅಂತ ಇಳಿಸಿಕೊಟ್ಟಳು. ಹೆಸರೇ ಕೇಳಿರಲಿಲ್ಲ. ಪುಕ್ಕಟೆ ತಾನೇ, ನೋಡೋಣ ಅಂತ ಶುರು ಮಾಡಿದೆ.

ಶುರುವಿನಲ್ಲೇ ಆ ಟೈಪಿಸ್ಟ್ ವಿಷಯಕ್ಕೆ ಕಾದು ಕೂತಿದ್ದೆ. ಅದು ಬರುವುದು ತಡವಾಗಿ. ಸಿಸಿಲಿ ಹುಟ್ಟಿದ್ದು 1924ರ ಡಿಸೆಂಬರ್ 19ರಂದು, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಕೆರಿಬಿಯನ್ ಸಮುದ್ರದ ನೆವಿಸ್ ಅನ್ನುವ ಪುಟ್ಟ ದ್ವೀಪದಿಂದ ಹೊಟ್ಟೆಪಾಡಿಗೆ ಬಂದವರು. ಬಾಲ್ಯ, ಚರ್ಚು, ಅಪ್ಪ ಅಮ್ಮನ ಜಗಳ ಇದೆಲ್ಲಾ ಬಹಳ ನಿಧಾನ. ನನಗೆ ಎರಡು ಸಲ ಎಲಿಯೂರು ದಾಟುವ ಮುಂಚೆ ನಿದ್ದೆ ಬಂತು. ಆಮೇಲೆ ಬಂತು ಆ ಜಾಗ. ರೆಡ್ ಕ್ರಾಸ್ ಸಂಸ್ಥೆಯ ಆಫೀಸಿನಲ್ಲಿ ಟೈಪ್ ಮಾಡುತ್ತಾ ಕೂತಿದ್ದವರು ಒಂದು ದಿನ ಎದ್ದು ನಿಂತು, ಜೀವಮಾನವೆಲ್ಲಾ ಟೈಪ್‌ರೈಟರ್ ಕುಟ್ಟಲಿ ಅಂತ ದೇವರು ನನ್ನನ್ನು ಹುಟ್ಟಿಸಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡುತ್ತಾರೆ. ನಾನು ಅಲ್ಲಿಗೇ ನಿಲ್ಲಿಸಿ ನನ್ನ ಬೆರಳು ನೋಡಿಕೊಂಡೆ. ನಾನೇನಾದರೂ ಹಾಗೆ ಎದ್ದು ನಿಂತರೆ ನಮ್ಮ ಆಡಿಟರು, ‘ಆಯ್ತಮ್ಮ, ಮೊದಲು ಆ ಬ್ಯಾಲೆನ್ಸ್ ಶೀಟ್ ಮುಗಿಸಿಬಿಡು’ ಅನ್ನುತ್ತಾರೆ. ನಾನೂ ಮುಗಿಸುತ್ತೇನೆ.

ಆಕೆಯ ಅಮ್ಮ ಮಹಾ ದೈವಭಕ್ತೆ. ನಟನೆ ಅಂದರೆ ಪಾಪ, ಮಾನಗೆಟ್ಟವರ ಕೆಲಸ ಅಂತ ನಂಬಿದ್ದವರು. ಮಗಳು ಬಿಡುವುದಿಲ್ಲ ಅಂದಾಗ ಮನೆ ಬಿಟ್ಟು ಹೋಗು ಅಂದರು. ಮಾತೂ ಬಿಟ್ಟರು. ಇದನ್ನು ಕೇಳುವಾಗ ನನಗೆ ಅಮೆರಿಕ ಕಾಣಲಿಲ್ಲ, ನಮ್ಮ ಅತ್ತೆ ಕಂಡರು. ನಾನು ಮೊದಲ ಸಲ ಸ್ಟೇಜು ಹತ್ತಿದ ಮೇಲೆ ಒಂದೂವರೆ ವರ್ಷ ಅವರು ನನ್ನ ಕೈಯ ಕಾಫಿ ಮುಟ್ಟಲಿಲ್ಲ. ಲೋಟ ಕಟ್ಟೆಯ ಮೇಲೆ ಆರುತ್ತಾ ಇರುತ್ತಿತ್ತು, ಅವರು ಎಲೆ ಅಡಿಕೆ ಹಾಕಿಕೊಂಡು ಬೀದಿ ನೋಡುತ್ತಾ ಕೂತಿರುತ್ತಿದ್ದರು. ಆಮೇಲೆ ಒಂದು ದಿನ ಯಾರೋ ಅವರಿಗೆ, ‘ನಿಮ್ಮ ಸೊಸೆ ಗಾಂಧಾರಿ ಮಾಡಿದ್ಲು, ಕಣ್ಣಲ್ಲಿ ನೀರು ಬಂತು’ ಅಂದರಂತೆ. ಅವತ್ತು ಕಾಫಿ ಕುಡಿದರು. ಸಕ್ಕರೆ ಕಮ್ಮಿ ಅಂತಲೂ ಹೇಳಿದರು.

ಇನ್ನು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ವಿಷಯ, ಬಣ್ಣ.

1961ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಹೌಸ್ ಅನ್ನುವ ಸಣ್ಣ ರಂಗಮಂದಿರದಲ್ಲಿ ‘ದಿ ಬ್ಲ್ಯಾಕ್ಸ್’ ನಾಟಕ ಶುರುವಾಯಿತು. ಫ್ರಾನ್ಸಿನ ಝಾನ್ ಜೆನೆ ಬರೆದದ್ದು. ಅದು ಒಟ್ಟು 1,408 ಪ್ರದರ್ಶನ ಕಂಡಿತು. ಸಿಸಿಲಿ ಜೊತೆ ಮಾಯಾ ಏಂಜೆಲೋ, ಜೇಮ್ಸ್ ಅರ್ಲ್ ಜೋನ್ಸ್ ಎಲ್ಲಾ ಇದ್ದರು. ಆ ನಾಟಕದಲ್ಲಿ ಕಪ್ಪು ನಟರೇ ಕೆಲವರು ಬಿಳಿ ಮುಖವಾಡ ಹಾಕಿಕೊಂಡು ರಾಣಿ, ನ್ಯಾಯಾಧೀಶ, ಪಾದ್ರಿ ಆಗುತ್ತಾರೆ. ಬಿಳಿಯರನ್ನು ಗೇಲಿ ಮಾಡಲಿಕ್ಕೆ. ಈ ಭಾಗ ಕೇಳುವಾಗ ರೈಲು ಪಾಂಡವಪುರದಲ್ಲಿ ನಿಂತಿತ್ತು, ನನಗೆ ಸುಮ್ನೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ‘ಯಾಕ್ರೀ’ ಅಂದರು. ಏನಂತ ಹೇಳಲಿ? ನಾನೂ 20 ವರ್ಷದಿಂದ ಬಿಳಿ ಮುಖವಾಡ ಹಾಕಿಕೊಳ್ಳುತ್ತಿದ್ದೇನೆ, ಆದರೆ ನಮ್ಮಲ್ಲಿ ಅದು ಗೇಲಿಗಲ್ಲ.

ನನ್ನ ಮೈಬಣ್ಣ ಎಣ್ಣೆಗಪ್ಪು. ಮೇಕಪ್ಪಿಗೆ ಕೂತಾಗ ಮೊದಲು ಕೊಬ್ಬರಿ ಎಣ್ಣೆ ಸವರುತ್ತಾರೆ. ಆಮೇಲೆ ಸ್ಪಂಜನ್ನು ನೀರಲ್ಲಿ ಅದ್ದಿ ಪ್ಯಾನ್‌ಕೇಕ್ ಒತ್ತುತ್ತಾರೆ. ಎಲ್ಲರಿಗೂ ಅದೇ ಒಂದು ಡಬ್ಬಿ, ಅದೇ ಸ್ಪಂಜು. ಗೋಧಿ ಬಣ್ಣದವರಿಗೆ ಅದು ಬೆಳ್ಳಗೆ ಕೂರುತ್ತದೆ. ನನಗೆ ಬೂದಿ ಬಳಿದ ಹಾಗೆ ಆಗುತ್ತದೆ. ಅದನ್ನು ಮುಚ್ಚಲು ಮೇಲೆ ರೋಸ್ ಪೌಡರು. ಬೆಳಗಿನ ಜಾವ ಮೂರು ಗಂಟೆಗೆ ಬೆವರು ಇಳಿದು ಕಿವಿಯ ಹತ್ತಿರ ಎರಡು ಕಪ್ಪು ಗೆರೆ ಮೂಡುತ್ತದೆ. ಕುತ್ತಿಗೆಗೆ ಹಚ್ಚುತ್ತಾರೆ, ಕೈಗೆ ಹಚ್ಚಲು ಯಾರಿಗೂ ಪುರುಸೊತ್ತಿಲ್ಲ. ಮುಖ ಒಂದು ಊರಿನದು, ಕೈ ಇನ್ನೊಂದು ಊರಿನದು. ತಮಾಷೆ ಏನೆಂದರೆ, ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ. ಕಪ್ಪಗಿದ್ದವಳು. ನನ್ನ ಬಾಯಲ್ಲೇ ‘ಕೃಷ್ಣೆ ನಾನು’ ಅಂತ ಮಾತಿದೆ, ಅದನ್ನು ಬೂದಿ ಮುಖ ಮಾಡಿಕೊಂಡು ಹೇಳುತ್ತಾ ಬಂದಿದ್ದೇನೆ.

ಮೈಸೂರಿನಲ್ಲೂ ಒಂದು ಹವ್ಯಾಸಿ ತಂಡಕ್ಕೆ ಸ್ವಲ್ಪ ದಿನ ಹೋಗಿದ್ದೆ. ತಂಡದ ಹೆಸರು ಬೇಡ. ಒಳ್ಳೆ ಓದಿಕೊಂಡ ಜನ, ರಂಗಾಯಣದ ಭೂಮಿಗೀತದಲ್ಲಿ ಯಾವ ನಾಟಕ ಇದ್ದರೂ ತಪ್ಪಿಸದವರು. ಅಲ್ಲಿನ ನಿರ್ದೇಶಕರು ಬಹಳ ಮೃದುವಾಗಿ, ‘ಮೇಡಂ, ಈ ಕೆಲಸದವಳ ಪಾತ್ರ ನಿಮಗೆ ಚೆನ್ನಾಗಿ ಒಪ್ಪುತ್ತೆ’ ಅಂದರು. ಮುಂದಿನ ನಾಟಕದಲ್ಲೂ ಒಪ್ಪಿತು. ಅದರ ಮುಂದಿನದರಲ್ಲೂ ಒಪ್ಪಿತು. ಮೂರನೆಯದಾದ ಮೇಲೆ ನಾನು ರೈಲು ತಪ್ಪಿತು ಅಂತ ಹೇಳಿ ರಿಹರ್ಸಲ್ಲಿಗೆ ಹೋಗುವುದನ್ನೇ ಬಿಟ್ಟೆ. ಆಗಲ್ಲ ಅಂತ ಹೇಳಲಿಲ್ಲ, ರೈಲಿನ ಮೇಲೆ ಹಾಕಿದೆ.

ಸಿಸಿಲಿ ರೈಲಿನ ಮೇಲೆ ಹಾಕಿದವರಲ್ಲ. 1963ರಲ್ಲಿ ಸಿಬಿಎಸ್ ಟಿವಿಯಲ್ಲಿ ‘ಈಸ್ಟ್ ಸೈಡ್ ವೆಸ್ಟ್ ಸೈಡ್’ ಅನ್ನುವ ಧಾರಾವಾಹಿ ಬಂತು. ಅದರಲ್ಲಿ ಸಿಸಿಲಿ ಕಾಯಂ ಪಾತ್ರಧಾರಿ. ಗಂಭೀರ ಧಾರಾವಾಹಿಯೊಂದರಲ್ಲಿ ಕಪ್ಪು ನಟಿ ಹೀಗೆ ವಾರವಾರವೂ ಕಾಣಿಸಿಕೊಂಡದ್ದು ಅದೇ ಮೊದಲು. ಪಾತ್ರ ಏನು ಗೊತ್ತಾ? ಆಫೀಸ್ ಸೆಕ್ರೆಟರಿ. ಟೈಪ್‌ರೈಟರ್ ಬಿಟ್ಟು ಓಡಿದರೂ ಅದು ಅಟ್ಟಿಸಿಕೊಂಡು ಬಂತು ನೋಡಿ. ಅದಕ್ಕಿಂತ ದೊಡ್ಡ ವಿಷಯ ಕೂದಲು. ಆ ಕಾಲದಲ್ಲಿ ಕಪ್ಪು ಹೆಂಗಸರು ಗುಂಗುರು ಕೂದಲನ್ನು ಬಿಸಿ ಬಾಚಣಿಗೆಯಲ್ಲಿ ಎಳೆದು ನೇರ ಮಾಡಿಕೊಳ್ಳಲೇಬೇಕು, ಇಲ್ಲದಿದ್ದರೆ ಮರ್ಯಾದಸ್ಥೆ ಅಲ್ಲ ಅನ್ನುವ ಲೆಕ್ಕ. ಈಕೆ ಕೂದಲನ್ನು ಗಿಡ್ಡ ಕತ್ತರಿಸಿಕೊಂಡು, ಹುಟ್ಟಿದಾಗ ಹೇಗಿತ್ತೋ ಹಾಗೇ ಕ್ಯಾಮೆರಾ ಮುಂದೆ ನಿಂತರು. ನೋಡಿದ ಹೆಂಗಸರು ತಾವೂ ಹಾಗೇ ಕತ್ತರಿಸಿಕೊಳ್ಳತೊಡಗಿದರು. ನಿಮ್ಮಿಂದ ನಮ್ಮ ವ್ಯಾಪಾರ ಹೋಯಿತು ಅಂತ ಕೂದಲಂಗಡಿಯವರು ಸಿಸಿಲಿಗೆ ಕಾಗದ ಬರೆದರಂತೆ! ಧಾರಾವಾಹಿ ಮಾತ್ರ ಒಂದೇ ವರ್ಷಕ್ಕೆ ನಿಂತಿತು.

ಕೂದಲು ಅಂದರೆ ನನಗೆ ದ್ರೌಪದಿ. ಮುಡಿ ಬಿಚ್ಚಿ ಶಪಥ ಮಾಡುವ ಸೀನು. ಅದಕ್ಕೆ ನನಗೆ ಬಾಡಿಗೆಯ ವಿಗ್ಗು ಕೊಡುತ್ತಾರೆ, ನೇರ ಕೂದಲಿನದು, ಹಿಂದಿನ ದ್ರೌಪದಿಯ ಬೆವರಿನ ವಾಸನೆ ಸಮೇತ.

ಮುಂದೆ 1972ರ ‘ಸೌಂಡರ್’ ಸಿನಿಮಾ. ಲೂಯಿಸಿಯಾನದ ಬಡ ಗೇಣಿದಾರನ ಹೆಂಡತಿಯ ಪಾತ್ರ. ಸಿಸಿಲಿಗೆ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟದ್ದು ಅದೇ. ಜೈಲಿನಿಂದ ಗಂಡ ಕುಂಟುತ್ತಾ ಬರುವುದನ್ನು ದೂರದಿಂದ ಕಂಡು ಆಕೆ ರಸ್ತೆಯುದ್ದ ಓಡುವ ಒಂದು ದೃಶ್ಯ ಇದೆ. ಅದನ್ನು ಹುಡುಕಿ ಫೋನಿನಲ್ಲಿ ನೋಡಿದೆ. ಅದು ನಟನೆಯ ಓಟ ಅಲ್ಲ. ನಮ್ಮ ಕಡೆ ಗದ್ದೆ ಬದುವಿನ ಮೇಲೆ ಸುದ್ದಿ ಕೇಳಿ ಓಡಿಬರುವ ಹೆಂಗಸಿನ ಓಟ, ಕೈ ಎತ್ತ ಹೋಗುತ್ತಿದೆ ಅಂತ ಅವಳಿಗೇ ಗೊತ್ತಿಲ್ಲ.

ಆ ಸಿನಿಮಾದ ಪ್ರಚಾರಕ್ಕೆ ಹೋದಾಗ ಒಬ್ಬ ಬಿಳಿಯ ಎದ್ದು ನಿಂತು ಒಂದು ಮಾತು ಹೇಳುತ್ತಾನೆ. ತನಗೆ ಕಪ್ಪು ಜನರ ಮೇಲೆ ತಾತ್ಸಾರ ಇದೆ ಅಂತ ಅವನು ಅಂದುಕೊಂಡೇ ಇರಲಿಲ್ಲ. ಆದರೆ ಸಿನಿಮಾದಲ್ಲಿ ಆ ಹುಡುಗ ಅಪ್ಪನನ್ನು ‘ಡ್ಯಾಡಿ’ ಅಂದಾಗ ಅವನಿಗೆ ಇರಿಸುಮುರಿಸಾಯಿತಂತೆ. ಯಾಕೆಂದರೆ ಅವನ ಮಗನೂ ಅವನನ್ನು ಹಾಗೇ ಕರೆಯುವುದು. ನಾನು ಈ ಜಾಗವನ್ನು ಮೂರು ಸಲ ಹಿಂದೆ ಸರಿಸಿ ಕೇಳಿದೆ, ಇಂಗ್ಲಿಷ್ ನನಗೇ ತಪ್ಪಾಗಿ ಅರ್ಥವಾಯಿತೇನೋ ಅಂತ. ಇಲ್ಲ, ಸರಿಯಾಗೇ ಅರ್ಥವಾಗಿತ್ತು. ಇನ್ನು ಮೇಲೆ ಬರೀ ಹೊಟ್ಟೆಪಾಡಿಗೆ ನಟಿಸುವುದಿಲ್ಲ, ನಮ್ಮ ಜನರ ಮಾನ ಹೆಚ್ಚಿಸದ ಪಾತ್ರ ಮುಟ್ಟುವುದಿಲ್ಲ ಅಂತ ಸಿಸಿಲಿ ಗಟ್ಟಿ ಮಾಡಿಕೊಂಡದ್ದು ಅಲ್ಲಿಂದ. ಹಾಗೆ ಬೇಡ ಬೇಡ ಅಂದು ಎಷ್ಟೋ ಕಾಲ ಕೆಲಸ ಇಲ್ಲದೆ ಕೂತದ್ದೂ ಉಂಟು. ಇದು ಹೇಳುವಷ್ಟು ಸುಲಭ ಅಲ್ಲ. ಸೀಸನ್ನಿನಲ್ಲಿ ಒಂದು ನಾಟಕ ಬಿಟ್ಟರೆ ಆ ತಿಂಗಳ ಚೀಟಿ ದುಡ್ಡು ಹೋಯಿತು ಅಂತ ಲೆಕ್ಕ ಹಾಕುವವಳು ನಾನು.

1974ರಲ್ಲಿ ಟಿವಿಯಲ್ಲಿ ಬಂದ ‘ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಬಗ್ಗೆ ಆಫೀಸಿನ ಹುಡುಗಿ ಮೊದಲೇ ಹೇಳಿದ್ದಳು. ಗುಲಾಮಿ ಕಾಲದಲ್ಲಿ ಹುಟ್ಟಿದವಳು 110 ವರ್ಷ ಬದುಕಿರುವ ಕಥೆ. ಹರೆಯದಿಂದ ಆ ವಯಸ್ಸಿನ ತನಕ ಸಿಸಿಲಿಯೇ ಮಾಡಿದ್ದಾರೆ. ಮುದುಕಿ ಆಗುವುದು ಹೇಗೆ ಅಂತ ತಿಳಿಯಲು ವೃದ್ಧಾಶ್ರಮಕ್ಕೆ ಹೋಗಿ ಕೂತು ನೋಡಿದರಂತೆ. ಕೊನೆಗೆ ಬಿಳಿಯರಿಗೆ ಮಾತ್ರ ಅಂತ ಮೀಸಲಿಟ್ಟ ನಲ್ಲಿಯ ತನಕ ಕೋಲೂರಿಕೊಂಡು ನಡೆದು ಹೋಗಿ ಆ ಅಜ್ಜಿ ಒಂದು ಗುಟುಕು ನೀರು ಕುಡಿಯುತ್ತಾಳೆ. ಅಷ್ಟೇ. ಕೂಗಿಲ್ಲ, ಮಾತಿಲ್ಲ. ಆ ಪಾತ್ರಕ್ಕೆ ಎರಡು ಎಮ್ಮಿ ಪ್ರಶಸ್ತಿ ಬಂದವು. ಕೆರೆ, ಬಾವಿ, ಹೋಟೆಲ್ ಲೋಟದ ಕಥೆಗಳನ್ನು ಕೇಳುತ್ತಾ ಬೆಳೆದ ನಮಗೆ ಆ ನಲ್ಲಿಯ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ಆ ಕಿತ್ತುಕೊಂಡ ಸ್ಟಾರ್. ಆ್ಯಪಿನಲ್ಲಿ ಓದಿದವರ ಸಾಲಿನಲ್ಲಿ ಸಿಸಿಲಿಯ ಹೆಸರೂ ಇದೆ. ಆದರೆ ಅವರ ದನಿ ಇರುವುದು ಶುರುವಿನಲ್ಲಿ ಸ್ವಲ್ಪ ಮಾತ್ರ. ಮುನ್ನುಡಿ ನಟಿ ವಯೋಲಾ ಡೇವಿಸ್ ಅವರದು, ಚಿಕ್ಕವರಿದ್ದಾಗ ಸಿಸಿಲಿಯನ್ನು ಟಿವಿಯಲ್ಲಿ ನೋಡಿಯೇ ನಟಿಯಾಗಬೇಕು ಅಂದುಕೊಂಡವರು. ಆಮೇಲೆ ಉಳಿದದ್ದನ್ನೆಲ್ಲಾ ರಾಬಿನ್ ಮೈಲ್ಸ್ ಓದುತ್ತಾರೆ. ಅವರು ಓದುವುದು ಚೆನ್ನಾಗಿದೆ, ಅನುಮಾನವೇ ಇಲ್ಲ. ಆದರೆ ಆ ಮುಪ್ಪಿನ ದನಿ, ಒಂದೊಂದು ಮಾತನ್ನೂ ತೂಗಿ ಇಡುವ ದನಿ ಕಿವಿಗೆ ಹತ್ತಿದ ಮೇಲೆ ಬೇರೆಯವರದು ಡಬ್ಬಿಂಗ್ ಅನ್ನಿಸುತ್ತದೆ. 96 ವರ್ಷದವರು ಪೂರ್ತಿ ಓದಬೇಕಿತ್ತು ಅನ್ನುವುದು ನನ್ನ ದುರಾಸೆ. ಪುಸ್ತಕ ಬಂದದ್ದು 2021ರ ಜನವರಿ 26ಕ್ಕೆ, ನಮ್ಮ ಗಣರಾಜ್ಯೋತ್ಸವದ ದಿನ. ಸಿಸಿಲಿ ತೀರಿಕೊಂಡದ್ದು 28ಕ್ಕೆ. ಮುಗಿಸಿ ಕೊಟ್ಟು ಹೋದರು.

ಇನ್ನೊಂದು ಸಣ್ಣ ಅಸಮಾಧಾನ, ಗಂಡನ ಅಧ್ಯಾಯಗಳು. ಸಿಸಿಲಿ 1981ರಲ್ಲಿ ಮದುವೆಯಾದದ್ದು ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರನ್ನು. ಮಹಾ ಕಲಾವಿದ, ಮಹಾ ಕಾಟ. ಆ ಸಂಸಾರಕ್ಕೆ ಪುಸ್ತಕದಲ್ಲಿ ಇಷ್ಟು ಹೊತ್ತು ಕೊಡಬೇಕಿತ್ತಾ? ಬಿಟ್ಟು ಬನ್ನಿ ತಾಯಿ ಅಂತ ನಾನು ಶ್ರೀರಂಗಪಟ್ಟಣದ ಸೇತುವೆ ಮೇಲೆ ಎಷ್ಟು ಸಲ ಅಂದುಕೊಂಡೆನೋ. 17ನೇ ವಯಸ್ಸಿಗೇ ತಾಯಿಯಾದವರು ಸಿಸಿಲಿ. ಆ ಮಗಳ ಹೆಸರನ್ನು ಬದಲಿಸಿ ಬರೆದಿದ್ದಾರೆ, ಅವಳ ಬಗ್ಗೆ ಹೇಳಬೇಕಾದಷ್ಟೇ ಹೇಳಿದ್ದಾರೆ. ಅದು ನನಗೆ ಇಷ್ಟವಾಯಿತು. ವಯಸ್ಸನ್ನು ಹತ್ತು ವರ್ಷ ಕಮ್ಮಿ ಮಾಡಿಕೊಂಡು ಬಹಳ ಕಾಲ ನಡೆಸಿದ್ದೂ ಇಷ್ಟವಾಯಿತು. ನಾನೂ ಒಂದೆರಡು ಕಮಿಟಿಯವರ ಮುಂದೆ 41 ಅಂದಿದ್ದೇನೆ.

ಕೊನೆಯ ಭಾಗದಲ್ಲಿ ಪ್ರಶಸ್ತಿಗಳ ಮೆರವಣಿಗೆ. ಬೇಗ ಓಡಿಸಿಕೊಂಡು ಹೋಗಬಹುದು. ಒಂದನ್ನು ಮಾತ್ರ ಬಿಡಬೇಡಿ. ‘ದಿ ಟ್ರಿಪ್ ಟು ಬೌಂಟಿಫುಲ್’ ಸಿನಿಮಾ ನೋಡಿದ ದಿನವೇ ನನಗೂ ಇಂಥದ್ದೊಂದು ಹುಡುಕಿಕೊಡಿ ಅಂತ ಏಜೆಂಟಿಗೆ ಹೇಳಿದ್ದರಂತೆ. ಸಿಕ್ಕಿದ್ದು ಸುಮಾರು 28 ವರ್ಷ ಆದ ಮೇಲೆ, 2013ರಲ್ಲಿ, ಬ್ರಾಡ್‌ವೇ ರಂಗಭೂಮಿಯಲ್ಲಿ. ಅದೇ ಪಾತ್ರ. 88ನೇ ವಯಸ್ಸಿಗೆ ಟೋನಿ ಪ್ರಶಸ್ತಿ. ನಾಟಕದಲ್ಲಿ ಆಕೆ ಒಂದು ಭಜನೆ ಹಾಡಲು ಶುರು ಮಾಡಿದರೆ ಪ್ರೇಕ್ಷಕರೂ ಕೂತಲ್ಲೇ ಜೊತೆಗೆ ಹಾಡುತ್ತಿದ್ದರು. ಬ್ರಾಡ್‌ವೇಯಲ್ಲಿ ಇದು ಅಪರೂಪ ಇರಬಹುದು. ನಮ್ಮ ಕೆ.ಆರ್. ಪೇಟೆ, ನಾಗಮಂಗಲ ಕಡೆ ಪ್ರೇಕ್ಷಕರು ಹಾಡದಿದ್ದರೆ ಏನೋ ತಪ್ಪಾಗಿದೆ ಅಂತ ನಮಗೆ ಭಯ ಆಗುತ್ತದೆ.

ಕೊಳ್ಳುವವರಿಗೆ ಒಂದೆರಡು ಮಾತು. ರೈಲಿನಲ್ಲಿ ನೆಟ್ವರ್ಕ್ ನಂಬಬೇಡಿ, ಮನೆಯಲ್ಲೇ ಪೂರ್ತಿ ಇಳಿಸಿಕೊಳ್ಳಿ. ಇಂಗ್ಲಿಷ್ ಕಷ್ಟ ಆದರೆ ವೇಗ ಸ್ವಲ್ಪ ಕಮ್ಮಿ ಮಾಡಿಕೊಳ್ಳಿ, ಭಾಷೆ ಕಠಿಣ ಏನಲ್ಲ. ಮದ್ದೂರು ವಡೆಯವರು ಹತ್ತಿದಾಗ ನಿಲ್ಲಿಸಿಬಿಡಿ, ಆ ದನಿಯ ಮುಂದೆ ಯಾರ ಆತ್ಮಕಥೆಯೂ ನಿಲ್ಲುವುದಿಲ್ಲ. ಪುಕ್ಕಟೆ ತಿಂಗಳು ಮುಗಿಯುವ ಮುಂಚೆ ಚಂದಾ ನಿಲ್ಲಿಸದಿದ್ದರೆ ದುಡ್ಡು ಕಡಿದುಕೊಳ್ಳುತ್ತಾರೆ, ನನ್ನದು ಕಡಿದುಕೊಂಡರು. ಅದಕ್ಕೆ ಸ್ಟಾರ್ ಕಿತ್ತಿಲ್ಲ, ತಪ್ಪು ನನ್ನದೇ.

ಹೋದ ತಿಂಗಳು ಪಾಂಡವಪುರದ ಆಚೆ ಒಂದು ಹಳ್ಳಿಯಲ್ಲಿ ನಾಟಕ ಇತ್ತು. ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಒಂದು ಅಂಗಡಿಯಲ್ಲಿ ನಾನೇ ಕೈಗೆ ಹಚ್ಚಿ ನೋಡಿ, ನನ್ನ ಬಣ್ಣಕ್ಕೆ ಸರಿಹೋಗುವ ಮೇಕಪ್ ಡಬ್ಬಿ ತಗೊಂಡು ಹೋಗಿದ್ದೆ. ಮೇಕಪ್ಪಿನವರು ಸ್ಪಂಜು ಎತ್ತಿದಾಗ ಆಗಲ್ಲ ಅಂದೆ. ಇದನ್ನೇ ಹಚ್ಚಿ ಅಂದೆ.

‘ಸುಮ್ನಿರಕ್ಕ, ಮುಖ ಕಾಣ್ಬೇಡ್ವಾ?’

‘ಈಗೆಲ್ಲಾ ಎಲ್‌ಇಡಿ ಫೋಕಸ್ಸು ಅಣ್ಣ. ಸೊಳ್ಳೇನೂ ಕಾಣುತ್ತೆ. ಕೃಷ್ಣೆ ಅಂದ್ರೆ ಏನಣ್ಣ ಅರ್ಥ?’

‘ಕೃಷ್ಣನ ತಂಗಿ.’

‘ಅಲ್ಲ, ಕಪ್ಪಗಿರೋಳು ಅಂತ.’

‘ಅದು ಪುರಾಣದಲ್ಲಿ ಕಣಕ್ಕ. ಇದು ಸ್ಟೇಜು.’

ಕೊನೆಗೆ ಡಬ್ಬಿ ಕಿತ್ತುಕೊಂಡು ನಾನೇ ಹಚ್ಚಿಕೊಂಡೆ. ಮುಖ, ಕುತ್ತಿಗೆ, ಕೈ ಎಲ್ಲಾ ಒಂದೇ ಊರು. ವಿಗ್ಗು ಮಾತ್ರ ಬಿಡಲಿಲ್ಲ, ಅದಕ್ಕೆ ಬಾಡಿಗೆ ಕಟ್ಟಿದ್ದಾರಂತೆ. ಮುಡಿ ಬಿಚ್ಚುವ ಸೀನಿನಲ್ಲಿ ಪದ್ಯಕ್ಕೆ ಒನ್ಸ್ ಮೋರ್ ಬಂತು. ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಪಕ್ಕದವಳಿಗೆ, ‘ಈ ದ್ರೌಪ್ತಿ ನಮ್ ಕೆಂಪಿ ಮಗ್ಳಂಗೇ ಅವ್ಳಲ್ಲಾ’ ಅಂದದ್ದು ಸ್ಟೇಜಿನ ತನಕ ಕೇಳಿಸಿತು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ಬೆಳಿಗ್ಗೆ ದುಡ್ಡು ಕೊಡುವಾಗ ಕಮಿಟಿಯವರು 300 ರೂಪಾಯಿ ಹಿಡಿದುಕೊಂಡು, ‘ಮೇಕಪ್ಪು ಸರಿ ಇರ್ಲಿಲ್ವಲ್ಲ ಅಕ್ಕ’ ಅಂದರು. ಆ ಪುಕ್ಕಟೆ ಪುಸ್ತಕಕ್ಕೆ ನಾನು ಕೊಟ್ಟ ನಿಜವಾದ ಬೆಲೆ ಇದು.

ಟೆಂಪೋ ಹತ್ತುವಾಗ ಮೇಕಪ್ಪಿನವರು ಹಿಂದೆಯೇ ಬಂದರು. ರುಕ್ಮಿಣಿ ಪಾತ್ರದ ಹುಡುಗಿಯೂ ಕಪ್ಪೇ. ಅವಳ ಕಿವಿಯ ಹತ್ತಿರ ಆ ಎರಡು ಗೆರೆ ಇನ್ನೂ ಇದ್ದವು.

‘ಆ ಡಬ್ಬಿಗೆ ಎಷ್ಟು ಕೊಟ್ರಿ ಅಕ್ಕ?’ ಅಂದರು.

ಹೇಳಿದೆ. ‘ಅಯ್ಯೋ, ಜಾಸ್ತಿಯಾಯ್ತು’ ಅಂದು, ಅಂಗಡಿ ಎಲ್ಲಿ ಅಂತ ಕೇಳಿಕೊಂಡು ಹೋದರು.